ಹಳೆಯ ವಾಹನಗಳ ಬಿಡಿಭಾಗ: ಅಸಲು ಯಾವುದು, ಮರುತಯಾರಿ ಯಾವುದು?

ಶಹಾಬಾದ್, ಚಿತ್ತಾಪುರಗಳ ಕಲ್ಲುಗಣಿಗಳಲ್ಲಿ ಹಾಗೂ ವಾಡಿ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳ ಸುತ್ತಮುತ್ತ ದುಡಿದ ಹಳೆಯ ಜೀಪು, ಅಂಬಾಸಿಡರ್ ವಾಹನಗಳು ಗುಜರಿ ಸೇರಿದಾಗ ತೂಕದ ಬೆಲೆ ದೊರೆಯುವುದೇ ವಾಡಿಕೆ. ಆದರೆ ಅವುಗಳ ಕಾರ್ಬುರೇಟರ್, ಡೈನಮೊ, ಮೀಟರುಗಳನ್ನು ಅರಸುವ ಸಂಗ್ರಾಹಕರು ಹೈದರಾಬಾದ್, ಮುಂಬಯಿ, ಬೆಂಗಳೂರುಗಳಲ್ಲಿದ್ದಾರೆ. ಬೇಡಿಕೆಯ ಬೆನ್ನಲ್ಲೇ ಹೊಸದಾಗಿ ತಯಾರಿಸಿ ಹಳೆಯದೆಂದು ಮಾರುವ ಸರಕೂ ಬರುತ್ತದೆ. ಇವೆರಡರ ವ್ಯತ್ಯಾಸವನ್ನರಿಯುವುದು ವರ್ತಕರ ಹಿತದೃಷ್ಟಿಯಿಂದ ಅತ್ಯವಶ್ಯ.

ಕಾನೂನಿನ ದೃಷ್ಟಿ

ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈನಲ್ಲಿ ಆದ ತಿದ್ದುಪಡಿಯನ್ವಯ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಶುಲ್ಕ ರೂ. 20,000, ಅವಧಿ 10 ವರ್ಷ. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಾಗಿರಬಾರದೆಂಬುದು ಮುಖ್ಯ ಷರತ್ತು. ಆದ್ದರಿಂದಲೇ ಅಸಲು ಭಾಗಗಳಿಗೆ ಮೌಲ್ಯ ಹೆಚ್ಚು.

ಗುರುತಿಸುವ ಬಗೆ

1. ಅಂಕಿ-ಗುರುತು: ಲ್ಯೂಕಾಸ್ ಡೈನಮೊ, ಸ್ಟಾರ್ಟರ್, ಡಿಸ್ಟ್ರಿಬ್ಯೂಟರ್‌ಗಳ ಮೇಲೆ ಭಾಗದ ಸಂಖ್ಯೆಯೊಂದಿಗೆ ತಯಾರಿಕೆಯ ತಿಂಗಳು, ವರ್ಷ ಸೂಚಿಸುವ ಅಂಕಿಗಳಿರುತ್ತವೆ. ಆ ವರ್ಷವು ವಾಹನದ ವರ್ಷಕ್ಕೆ ಹೊಂದುವುದೇ ಎಂಬುದನ್ನು ನೋಡಬೇಕು.

2. ಅಯಸ್ಕಾಂತ: ಹಳೆಯ ಕಾರುಗಳ ಅನೇಕ ದೀಪದ ಬಳೆಗಳು, ಹಾರ್ನ್‌ಗಳು ಹಿತ್ತಾಳೆಯವು. ಅಂಥಲ್ಲಿ ಅಯಸ್ಕಾಂತ ಅಂಟಿಕೊಂಡರೆ ಅದು ಲೇಪನ ಕೊಟ್ಟ ಉಕ್ಕು.

3. ಮರೆ: ಬ್ರಿಟಿಷ್ ಮೂಲದ ಹಳೆಯ ವಾಹನಗಳ ಬೋಲ್ಟ್‌ಗಳು ಬಹುತೇಕ ಇಂಚಿನ ಅಳತೆಯವು. ಮಿಲಿಮೀಟರ್ ಮರೆ ಕಂಡರೆ ಅದು ನಂತರದ ತಯಾರಿಕೆ ಅಥವಾ ದುರಸ್ತಿ ಇರಬಹುದು.

4. ಸವೆತ: ಬಳಕೆಯಾದ ಭಾಗವು ಉಜ್ಜುವ ಜಾಗದಲ್ಲಿ ಮಾತ್ರ ಸವೆಯುತ್ತದೆ. ಮೂಲೆ ಮೂಲೆಗೂ ಒಂದೇ ಸಮನಾಗಿ ತುಕ್ಕು ಹಿಡಿದಿದ್ದರೆ ಆಮ್ಲದ ಕೈವಾಡವನ್ನು ಶಂಕಿಸಬಹುದು.

ಒಂದೇ ಗುರುತನ್ನು ನಂಬುವುದು ಸಲ್ಲದು. ಎರಡನೆಯ ಮಹಾಯುದ್ಧಕಾಲದಲ್ಲಿ ಫೋರ್ಡ್ ಕಂಪನಿ ತಯಾರಿಸಿದ ಜೀಪುಗಳ ಬೋಲ್ಟ್‌ಗಳ ಮೇಲೂ 'ಎಫ್' ಅಕ್ಷರವಿರುತ್ತಿತ್ತು. ಇಂದು ಅದೇ ಅಕ್ಷರವುಳ್ಳ ಹೊಸ ಬೋಲ್ಟ್‌ಗಳೂ ದೊರೆಯುತ್ತವೆ. ಚಾಸಿಯ ಮುಂಭಾಗದ ಅಡ್ಡಪಟ್ಟಿ ವಿಲ್ಲೀಸ್ ಜೀಪಿನಲ್ಲಿ ಕೊಳವೆಯಾಕಾರದ್ದು, ಫೋರ್ಡ್ ಜೀಪಿನಲ್ಲಿ ಮಗುಚಿದ 'ಯು' ಆಕಾರದ್ದು. ಅಕ್ಷರಕ್ಕಿಂತ ಇಂಥ ರಚನೆಯೇ ಹೆಚ್ಚು ನಂಬಲರ್ಹ.

ತೆರಿಗೆಯ ವ್ಯತ್ಯಾಸ

ಅಸಲು-ಮರುತಯಾರಿಯ ಭೇದವು ಲೆಕ್ಕಪುಸ್ತಕಕ್ಕೂ ಅನ್ವಯಿಸುತ್ತದೆ. ಬಳಸಿದ ಸರಕನ್ನು ಅದರ ಸ್ವರೂಪ ಬದಲಿಸದೆ, ಹೂಡುವಳಿ ತೆರಿಗೆಯ ಕ್ರೆಡಿಟ್ ಪಡೆಯದೆ ಮಾರುವ ವರ್ತಕರು ಜಿಎಸ್‌ಟಿ ನಿಯಮ 32(5)ರನ್ವಯ ಲಾಭಾಂಶದ ಮೇಲೆ ಮಾತ್ರ ತೆರಿಗೆ ತೆರಬಹುದು. ರೂ. 4,000ಕ್ಕೆ ಕೊಂಡ ಹಳೆಯ ಕಾರ್ಬುರೇಟರನ್ನು ರೂ. 7,000ಕ್ಕೆ ಮಾರಿದರೆ, 2025ರ ಸೆಪ್ಟೆಂಬರ್ 22ರಿಂದ ಜಾರಿಯಲ್ಲಿರುವ ಶೇ. 18ರ ದರದಲ್ಲಿ ತೆರಿಗೆ ರೂ. 540. ಅದೇ ಹೊಸ ತಯಾರಿಕೆಯಾದರೆ ಪೂರ್ಣ ಬೆಲೆಯ ಮೇಲೆ ರೂ. 1,260; ಇದರಲ್ಲಿ ಅರ್ಹ ಕ್ರೆಡಿಟ್ ಕಳೆಯಬಹುದು. ಮರುತಯಾರಿಯನ್ನು 'ಹಳೆಯದು' ಎಂದು ಬಿಲ್ ಮಾಡಿದವರು ಗ್ರಾಹಕರಿಗೂ ಇಲಾಖೆಗೂ ಉತ್ತರಿಸಬೇಕಾಗುತ್ತದೆ. ಬಳಸದೇ ಉಳಿದ ಹಳೆಯ ದಾಸ್ತಾನು ಅಸಲೇ ಆದರೂ 'ಬಳಸಿದ ಸರಕು' ಅಲ್ಲವಾದ್ದರಿಂದ ಅದಕ್ಕೆ ಈ ರಿಯಾಯಿತಿ ಸಲ್ಲದು.

ಸಣ್ಣ ತಯಾರಕರಿಗೆ ಅವಕಾಶ

ಮರುತಯಾರಿ ಅಪರಾಧವಲ್ಲ. ಫಿಲಿಪ್ಪೀನ್ಸ್‌ನಲ್ಲಿ ತಯಾರಾಗುವ ಜೀಪಿನ ಬಾಡಿಗಳು ಮರುತಯಾರಿಯೆಂಬ ಹೆಸರಿನಲ್ಲಿಯೇ ಹೊರದೇಶಗಳಲ್ಲಿ ಮಾರಾಟವಾಗುತ್ತವೆ. ಲೇತ್, ಎರಕದ ಕೆಲಸ ಬಲ್ಲ ಇಲ್ಲಿನ ಘಟಕಗಳೂ ಈ ದಾರಿ ಹಿಡಿಯಬಹುದು. ಅನ್ಯರ ಹೆಸರನ್ನು ಅಚ್ಚೊತ್ತಿದಾಗ ಅದು ವಂಚನೆಯಾಗುತ್ತದೆ. ವ್ಯಾಪಾರ ಚಿಹ್ನೆಗಳ ಕಾಯ್ದೆ, 1999ರ 103 ಹಾಗೂ 104ನೇ ಕಲಮುಗಳಡಿ ತಯಾರಿಸಿದವರಿಗೂ ಮಾರಿದವರಿಗೂ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, ರೂ. 50,000ದಿಂದ ರೂ. 2 ಲಕ್ಷದವರೆಗೆ ದಂಡ ವಿಧಿಸಬಹುದು.

ಆದುದರಿಂದ ಖರೀದಿಯ ದಿನವೇ ಯಾವ ವಾಹನದಿಂದ, ಯಾರಿಂದ ಪಡೆದದ್ದು ಎಂಬುದನ್ನು ಬರೆದಿಟ್ಟು, ಗುರುತಿನ ಅಂಕಿಗಳ ಛಾಯಾಚಿತ್ರ ಇಟ್ಟುಕೊಳ್ಳಬೇಕು. ಮಾರಾಟದ ಬಿಲ್ಲಿನಲ್ಲಿ 'ಬಳಸಿದ ಅಸಲು', 'ಬಳಸದ ಹಳೆಯ ದಾಸ್ತಾನು', 'ಮರುತಯಾರಿ' ಎಂಬ ಮೂರರಲ್ಲಿ ಒಂದನ್ನು ಸ್ಪಷ್ಟವಾಗಿ ನಮೂದಿಸಬೇಕು. ಸಂಗ್ರಾಹಕರ ವಲಯ ಚಿಕ್ಕದು. ಅಲ್ಲಿ ಒಮ್ಮೆ ಕಳೆದುಕೊಂಡ ನಂಬಿಕೆಯನ್ನು ಮರಳಿ ಪಡೆಯುವುದು ಕಷ್ಟಸಾಧ್ಯ.