ಸಿಪಾಯಿಯ ಸೊಂಟದ ರಬ್ಬರ್ ಉಂಗುರ

ತೊಂಬತ್ತರ ದಶಕದಲ್ಲಿ ಮಕ್ಕಳು ಬೆಳೆದ ಮನೆಗಳ ಅಟ್ಟ ಹುಡುಕಿದರೆ ಒಂದೆರಡು ಜಿ.ಐ. ಜೋ ಆಟಿಕೆ ಸಿಪಾಯಿಗಳು ಇಂದಿಗೂ ಸಿಕ್ಕಾವು. ಕೈಗೆತ್ತಿಕೊಂಡರೆ ಕಾಲು ಜೋತಾಡುತ್ತದೆ, ಕೆಲವು ಸೊಂಟದಿಂದ ಕೆಳಗೆ ಕಳಚಿಯೇ ಬೀಳುತ್ತವೆ. ಮುರಿಯಿತೆಂದು ಎಸೆಯುವವರೇ ಹೆಚ್ಚು. ಹಾಗೆ ಎಸೆದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬಹುಪಾಲು ಸಲ ಹಾಳಾಗಿರುವುದು ಒಳಗಿನ ಒಂದು ರಬ್ಬರ್ ಉಂಗುರ ಮಾತ್ರ.

1964ರಲ್ಲಿ ಅಮೆರಿಕದ ಹ್ಯಾಸ್‌ಬ್ರೊ ಕಂಪನಿ ಮೊದಲ ಜಿ.ಐ. ಜೋವನ್ನು ಮಾರುಕಟ್ಟೆಗೆ ತಂದಾಗ ಅದು ಹೆಚ್ಚುಕಡಿಮೆ ಒಂದಡಿ ಎತ್ತರವಿತ್ತು. ಚಿತ್ರಕಲಾವಿದರು ಮುಂದಿಟ್ಟುಕೊಂಡು ಬರೆಯುವ, ಕೈಕಾಲು ಬಾಗುವ ಮರದ ಮಾದರಿ ಇದಕ್ಕೆ ಪ್ರೇರಣೆ. ಒಳಗೆ ಎಲಾಸ್ಟಿಕ್ ದಾರ ಎಳೆದು ಅಂಗಾಂಗಗಳನ್ನು ಹಿಡಿದಿಟ್ಟಿದ್ದರು. 1982ರಲ್ಲಿ ಸಿಪಾಯಿ ಮೂರೂಮುಕ್ಕಾಲು ಇಂಚಿಗೆ ಇಳಿದ. ಆಗಲೇ ಉಂಗುರ ಬಂದದ್ದು. ಎದೆ, ಬೆನ್ನು ಎರಡು ಚಿಪ್ಪು, ಬೆನ್ನಲ್ಲೊಂದು ಸ್ಕ್ರೂ, ಎರಡು ಕಾಲನ್ನು ಕೂಡಿಸುವ ಲೋಹದ ಕೊಕ್ಕೆ, ಆ ಕೊಕ್ಕೆಯನ್ನು ಎದೆಗೂಡಿನೊಳಗಿನ ಗೂಟಕ್ಕೆ ಎಳೆದು ಹಿಡಿಯುವ ರಬ್ಬರ್ ಉಂಗುರ, ಅಂದರೆ ಓ-ರಿಂಗ್. ಸಿಪಾಯಿ ಕೂರುವುದು, ಬಾಗುವುದು, ಸೊಂಟ ತಿರುಗಿಸುವುದು ಎಲ್ಲವೂ ಅದರ ಬಲದಿಂದ. ಸವೆಯುವ ಭಾಗವನ್ನೇ ಬದಲಿಸಲು ಬರುವಂತೆ ಇಟ್ಟರಲ್ಲ, ಆ ತಯಾರಕರ ಕೈಗೆ ನಮಸ್ಕಾರ ಹೇಳಬೇಕು.

ಎಂಆರ್‌ಎಫ್ ಮತ್ತು ಹ್ಯಾಸ್‌ಬ್ರೊ ಸೇರಿ 1987ರಲ್ಲಿ ಫನ್‌ಸ್ಕೂಲ್ ಎಂಬ ಆಟಿಕೆ ಕಂಪನಿ ಶುರುಮಾಡಿದ ಮೇಲೆ ಈ ಸಿಪಾಯಿಗಳು ಭಾರತದಲ್ಲೇ ತಯಾರಾದವು.

ರಬ್ಬರ್ ವರ್ಷಗಳು ಕಳೆದಂತೆ ಒಣಗಿ, ಬಿರುಕುಬಿಟ್ಟು, ಒಂದು ದಿನ ತುಂಡಾಗುತ್ತದೆ. ಹೊಸದಕ್ಕೆ ದೂರ ಹೋಗಬೇಕಿಲ್ಲ. ನಮ್ಮದು ಕೊಳವೆಬಾವಿಯ ಪಂಪು ನಂಬಿದ ಸೀಮೆ. ಚಿಕ್ಕಬಳ್ಳಾಪುರದ ದ್ರಾಕ್ಷಿಗೆ, ಚಿಂತಾಮಣಿಯ ಟೊಮೆಟೊಗೆ ಔಷಧಿ ಹೊಡೆಯುವ ಪಂಪಿನಲ್ಲೂ ಓ-ರಿಂಗ್ ಇರುತ್ತದೆ. ಶಿಡ್ಲಘಟ್ಟದಲ್ಲಾಗಲಿ ಗೌರಿಬಿದನೂರಿನಲ್ಲಾಗಲಿ, ಮೋಟಾರ್, ಪಂಪು ರಿಪೇರಿ ಮಾಡುವವರ ಬಳಿ ಹಳೆಯ ತುಂಡು ತೋರಿಸಿ ಕೇಳಿ. ಒಳಗಿನ ಅಡ್ಡಳತೆ ಸುಮಾರು 12.5 ಮಿ.ಮೀ., ದಪ್ಪ 2 ಮಿ.ಮೀ.ಗಿಂತ ತುಸು ಕಡಿಮೆ ಇರಬೇಕು.

ಬಿಚ್ಚುವ ಮುನ್ನ ಕೈಯಲ್ಲಿರುವ ಬಂದೂಕು ತೆಗೆದಿಡಿ. ಈ ಸಿಪಾಯಿಗಳ ಹೆಬ್ಬೆರಳು ಬಲು ಬೇಗ ಮುರಿಯುತ್ತದೆ. ಸರಿಯಾಗಿ ಕೂರುವ ಸಣ್ಣ ಸ್ಕ್ರೂಡ್ರೈವರ್ ಹಿಡಿದು ನಿಧಾನವಾಗಿ ತಿರುಗಿಸಿ. ತೋಳು, ತಲೆ ಯಾವ ಗುಳಿಯಲ್ಲಿ ಹೇಗೆ ಕೂತಿದ್ದವು ಎಂಬುದರ ಚಿತ್ರವನ್ನು ಫೋನಿನಲ್ಲಿ ತೆಗೆದುಕೊಳ್ಳಿ. ಹೊಸ ಉಂಗುರವನ್ನು ಕೊಕ್ಕೆಗೂ ಗೂಟಕ್ಕೂ ಸಿಕ್ಕಿಸಿ. ಅದು ಚಿಕ್ಕದಾದರೆ ಎಳೆತಕ್ಕೆ ತೊಡೆಸಂದಿನ ಪ್ಲಾಸ್ಟಿಕ್ ಸೀಳುತ್ತದೆ. ಆಮೇಲೆ ದುರಸ್ತಿಯ ಮಾತೇ ಇಲ್ಲ. ಸ್ಕ್ರೂವನ್ನೂ ಅತಿಯಾಗಿ ಬಿಗಿಯಬೇಡಿ.

ಸವೆಯುವ ಭಾಗವನ್ನಷ್ಟೇ ಬದಲಿಸುವ ಈ ಉಪಾಯ ನಮ್ಮ ಸೀಮೆಗೆ ಹೊಸದೇನಲ್ಲ. ಗೌರಿಬಿದನೂರು ದಾಟಿ, ಹಿಂದೂಪುರದ ಆಚೆ, ಧರ್ಮಾವರದ ಹತ್ತಿರದ ನಿಮ್ಮಲಕುಂಟದಲ್ಲಿ ಮಾಡುವ ದೊಡ್ಡ ತೊಗಲುಗೊಂಬೆಗಳ ತೋಳು, ಮೊಣಕೈ, ಮಂಡಿಗಳು ಬೇರೆಬೇರೆ ತುಂಡುಗಳು. ತೂತು ಕೊರೆದು, ದಾರ ಪೋಣಿಸಿ, ಗಂಟು ಹಾಕಿ ಕೂಡಿಸುತ್ತಾರೆ. ದಾರ ಸವೆದರೆ ದಾರವೇ ಬದಲು. ಬಣ್ಣ ಹಚ್ಚಿದ ತೊಗಲಿಗೆ ಏನೂ ಆಗದು. ಜೋ ತಯಾರಕರಿಗೆ ಇದರ ಸುದ್ದಿಯೇ ಇದ್ದಿರಲಾರದು. ಆದರೂ ಇಬ್ಬರ ಕೈಯೂ ಒಂದೇ ದಾರಿ ಹಿಡಿದಿದೆ.

ಸಿಪಾಯಿಯ ಮೊಣಕೈ, ಮೊಣಕಾಲಿನ ಕತೆ ಬೇರೆ. ಅಲ್ಲಿರುವುದು ರಿವಿಟ್; ಬಿಚ್ಚಲು ಹೋದರೆ ಕೆಡುತ್ತದೆ. ಸಡಿಲಾದ ಸಂದಿಗೆ ಬಣ್ಣವಿಲ್ಲದ ನೇಲ್ ಪಾಲಿಶನ್ನು ಕಡ್ಡಿಯ ತುದಿಯಿಂದ ಒಂದು ಹನಿ ಇಳಿಸಿ, ಒಣಗುವವರೆಗೆ ಆಗಾಗ ಮಡಚಿ ಬಿಡಿಸುತ್ತಿರಿ, ಇಲ್ಲದಿದ್ದರೆ ಅಂಟಿಕೊಂಡುಬಿಡುತ್ತದೆ. ಮೊದಲು ಕಣ್ಣಿಗೆ ಬೀಳದ ಜಾಗದಲ್ಲಿ ಹಚ್ಚಿ ನೋಡಿ. ಕೆಲವು ಪ್ಲಾಸ್ಟಿಕ್‌ಗೆ, ಹಳೆಯ ಬಣ್ಣಕ್ಕೆ ಅದು ಒಗ್ಗುವುದಿಲ್ಲ.