ಬೆಂಕಿಯಿಲ್ಲದ ಪಟಾಕಿ: ಬಣ್ಣದ ಕಾಗದದ ಒಂದು ಕೈಗೆಲಸ

ಧರ್ಮಸ್ಥಳದ ಮಂಜುನಾಥನ ದರ್ಶನಕ್ಕೆಂದು ಘಟ್ಟವಿಳಿದು ಹೋಗುವ ನಮ್ಮ ಬಯಲುಸೀಮೆಯ ಭಕ್ತರಲ್ಲಿ ಅನೇಕರು ಸೌತಡ್ಕದ ಮಹಾಗಣಪತಿಯ ಸನ್ನಿಧಿಗೂ ಹೋಗಿ ಬರುವುದುಂಟು. ಅಲ್ಲಿ ಗರ್ಭಗುಡಿಯಿಲ್ಲ, ಮಾಡಿಲ್ಲ, ಗೋಡೆಯಿಲ್ಲ. ಬಯಲಿನಲ್ಲಿಯೇ ನೆಲೆಸಿದ ಗಣಪ, ಸುತ್ತಲೂ ಹರಕೆಯ ಗಂಟೆಗಳ ಸಾಲು. ದನ ಕಾಯುವ ಮಕ್ಕಳು ಸೌತೆಕಾಯಿಯನ್ನು ನೈವೇದ್ಯ ಮಾಡಿದರೆಂಬ ಕಥೆಯಿಂದಲೇ ಆ ಸ್ಥಳಕ್ಕೆ ಹೆಸರು ಬಂದಿದೆ. ಅದಕ್ಕೆ ಹೊಂದಿಕೊಂಡಿರುವ ಊರೇ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ. ವೈದ್ಯನಾಥೇಶ್ವರನೆಂಬ ನಾಮದಿಂದ ಶಿವನು ಅಲ್ಲಿ ಪೂಜೆಗೊಳ್ಳುತ್ತಿದ್ದಾನೆ. ಡಿಸೆಂಬರ್ ನಡುವಿನ ಕೋರಿ ಜಾತ್ರೆ ಆ ಸನ್ನಿಧಿಯ ದೊಡ್ಡ ಹಬ್ಬ.

ಕಾರ್ತಿಕ ಮಾಸದಿಂದ ಈ ಜಾತ್ರೆಯ ವೇಳೆಯವರೆಗೆ ಆ ಭಾಗದಲ್ಲಿ ಸಂಚರಿಸುವವರ ಕಣ್ಣಿಗೆ ಒಂದು ವಿಶೇಷ ಬೀಳದಿರದು. ಅಡಿಕೆ ತೋಟಗಳ ನಡುವಿನ ಮನೆಗಳ ಜಗಲಿಯಲ್ಲಿ ದೀಪಾವಳಿಗೆ ತೂಗಿಬಿಟ್ಟ ಗೂಡುದೀಪಗಳಿರುತ್ತವೆ. ಅವು ಇಳಿಯುವ ಹೊತ್ತಿಗೆ ನೆರೆಯ ಕ್ರೈಸ್ತ ಬಂಧುಗಳ ಮನೆಗಳ ಮುಂದೆ ಐದು ಮೂಲೆಯ ನಕ್ಷತ್ರಗಳು ಏರತೊಡಗುತ್ತವೆ. ನಮ್ಮ ಉತ್ತರ ಕರ್ನಾಟಕದಲ್ಲಿ ಆಕಾಶಬುಟ್ಟಿ ಎನ್ನುವುದನ್ನೇ ಅಲ್ಲಿ ಗೂಡುದೀಪವೆನ್ನುವರು. ಗೂಡುದೀಪಕ್ಕೂ ಕ್ರಿಸ್ಮಸ್ ನಕ್ಷತ್ರಕ್ಕೂ ಬೇಕಾಗುವ ಸಾಮಗ್ರಿ ಒಂದೇ: ಸೀಳಿದ ಬಿದಿರ ಕಡ್ಡಿ, ದಾರ, ಮೈದಾ ಹಿಟ್ಟಿನ ಅಂಟು, ಬಣ್ಣದ ಕಾಗದ. ಕಡ್ಡಿಯನ್ನು ಯಾವ ಕೋನದಲ್ಲಿ ಕಟ್ಟಿದರೆಂಬುದಷ್ಟೇ ಬೇರೆ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ದೀಪಾವಳಿಯ ಕಾಲಕ್ಕೆ ಗೂಡುದೀಪಗಳ ಸ್ಪರ್ಧೆಯೇ ನಡೆಯುತ್ತ ಬಂದಿದೆ. ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನ ಗೂಡುದೀಪ ಅಗ್ಗವಾಗಿ ದೊರೆಯುವ ಈ ದಿನಗಳಲ್ಲಿ, ಬಿದಿರು ಸೀಳುವ ಕೈಗಳು ಉಳಿದಿರುವುದಕ್ಕೆ ಇಂತಹ ಸ್ಪರ್ಧೆಗಳೂ ಒಂದು ಕಾರಣವೆನ್ನಬೇಕು.

ಈ ಲೇಖನದ ವಿಷಯ ಗೂಡುದೀಪವಲ್ಲ. ಅದೇ ಬಣ್ಣದ ಕಾಗದದಿಂದ ಮನೆಯಲ್ಲಿ ಮಾಡಬಹುದಾದ ಇನ್ನೊಂದು ವಸ್ತುವನ್ನು ತಾಯಂದಿರಿಗೂ ಮಕ್ಕಳಿಗೂ ಪರಿಚಯಿಸುವುದು ಇಲ್ಲಿಯ ಉದ್ದೇಶ. ಅದರ ಹೆಸರೂ ಪಟಾಕಿಯೇ. ಆದರೆ ಅದಕ್ಕೆ ಬೆಂಕಿ ಬೇಡ.

ಬೆಂಕಿ ಬೇಡವೆಂಬ ಮಾತನ್ನು ಸುಮ್ಮನೆ ಹೇಳುತ್ತಿಲ್ಲ. ೨೦೨೪ರ ಜನವರಿ ೨೮ರಂದು ಇದೇ ಬೆಳ್ತಂಗಡಿ ತಾಲ್ಲೂಕಿನ ವೇಣೂರಿನ ಬಳಿ, ಕುಕ್ಕೇಡಿ ಗ್ರಾಮದಲ್ಲಿ, ಸಿಡಿಮದ್ದು ತಯಾರಿಸುತ್ತಿದ್ದ ಘಟಕವೊಂದು ಸ್ಫೋಟಗೊಂಡು ಮೂವರು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಅದಕ್ಕೂ ಕೆಲವೇ ತಿಂಗಳ ಹಿಂದೆ, ೨೦೨೩ರ ಅಕ್ಟೋಬರ್ ೭ರಂದು, ಬೆಂಗಳೂರಿನ ಅಂಚಿನ ಅತ್ತಿಬೆಲೆಯಲ್ಲಿ ಪಟಾಕಿ ಮಳಿಗೆಗೆ ಬೆಂಕಿ ತಗುಲಿ ಹದಿನಾಲ್ಕಕ್ಕೂ ಹೆಚ್ಚು ಮಂದಿ ಮಡಿದರು. ಪ್ರತಿ ದೀಪಾವಳಿಯ ಮರುದಿನ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಬರುವವರಲ್ಲಿ ಪಟಾಕಿ ಹಚ್ಚಿದವರಷ್ಟೇ ಅಲ್ಲ, ಪಕ್ಕದಲ್ಲಿ ನಿಂತು ನೋಡುತ್ತಿದ್ದ ಮಕ್ಕಳೂ ಇರುತ್ತಾರೆ.

ಕೊಕ್ಕಡದ ವಿಷಯದಲ್ಲಿ ಇನ್ನೊಂದು ನೋವನ್ನೂ ನೆನೆಯದಿರಲಾಗದು. ಆ ಸುತ್ತಿನ ಗೇರು ತೋಪುಗಳ ಮೇಲೆ ವರ್ಷಗಟ್ಟಲೆ ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ನಡೆಯಲಾಗದ, ಮಾತನಾಡಲಾಗದ ಮಕ್ಕಳು ಅಲ್ಲಿಯ ಅನೇಕ ಮನೆಗಳಲ್ಲಿ ಬೆಳೆದರು. ೨೦೧೧ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟು ದೇಶಾದ್ಯಂತ ಅದನ್ನು ನಿಷೇಧಿಸಿತು. ಕೊಕ್ಕಡದಲ್ಲಿ ಅಂತಹ ಮಕ್ಕಳಿಗಾಗಿ ಹಗಲು ಪಾಲನಾ ಕೇಂದ್ರವನ್ನೂ ತೆರೆಯಲಾಯಿತು. ಹಾಸಿಗೆಯಲ್ಲಿಯೇ ದಿನ ಕಳೆಯುವ ಮಗುವಿಗೆ ಓಣಿಯ ಪಟಾಕಿಯ ಸದ್ದು ಹಬ್ಬವಲ್ಲ, ಬೆಚ್ಚಿ ಬೀಳುವ ಭಯ. ಓಡಿ ದೂರ ಹೋಗಲು ಅದಕ್ಕೆ ಕಾಲಿಲ್ಲ. ಇಂತಹ ಮಗು ನಮ್ಮ ನಿಮ್ಮ ಓಣಿಯಲ್ಲಿಯೂ ಇರಬಹುದು. ಅದರ ಕೈಗೂ ಕೊಡಬಹುದಾದ ಪಟಾಕಿ ಯಾವುದಿದೆ?

ಇಂಗ್ಲೆಂಡಿನ ಮನೆಗಳಲ್ಲಿ ಕ್ರಿಸ್ಮಸ್ ಊಟದ ಮೇಜಿನ ಮೇಲೆ ಪ್ರತಿಯೊಂದು ತಟ್ಟೆಯ ಬಳಿಯೂ ಬಣ್ಣದ ಕಾಗದ ಸುತ್ತಿದ, ಎರಡೂ ತುದಿಗಳನ್ನು ಮಿಠಾಯಿಯಂತೆ ಹಿಂಡಿ ಕಟ್ಟಿದ ಒಂದು ಕೊಳವೆಯನ್ನಿಟ್ಟಿರುತ್ತಾರೆ. ಅದಕ್ಕೆ ಕ್ರಿಸ್ಮಸ್ ಕ್ರ್ಯಾಕರ್ ಎಂದು ಹೆಸರು. ಅಕ್ಕಪಕ್ಕ ಕುಳಿತ ಇಬ್ಬರು ಒಂದೊಂದು ತುದಿ ಹಿಡಿದು ಎಳೆಯುತ್ತಾರೆ. ಚಟ್ಟನೆ ಸದ್ದಾಗಿ ಹರಿಯುತ್ತದೆ. ನಡುವಿನ ಭಾಗ ಯಾರ ಕೈಯಲ್ಲಿ ಉಳಿಯಿತೋ ಒಳಗಿನ ವಸ್ತುಗಳು ಅವರವು: ಒಂದು ಕಾಗದದ ಕಿರೀಟ, ಒಂದು ಪುಟ್ಟ ಉಡುಗೊರೆ, ಒಂದು ಚೀಟಿ.

ಇದನ್ನು ರೂಪಿಸಿದವನು ಲಂಡನ್ನಿನ ಟಾಮ್ ಸ್ಮಿತ್ ಎಂಬ ಮಿಠಾಯಿ ವ್ಯಾಪಾರಿ. ಪ್ಯಾರಿಸ್ಸಿನಲ್ಲಿ ತೆಳು ಕಾಗದದಲ್ಲಿ ತಿರುಚಿ ಕಟ್ಟಿದ ಸಕ್ಕರೆಯ ಮಿಠಾಯಿಗಳನ್ನು ನೋಡಿ, ತಾನೂ ಅದೇ ರೀತಿ ಮಾರಲಾರಂಭಿಸಿದ. ಕೆಲ ದಿನ ಮಾರಾಟವಾಯಿತು, ಆಮೇಲೆ ಕುಗ್ಗಿತು. ಒಳಗೊಂದು ಪ್ರೇಮದ ಮಾತಿನ ಚೀಟಿಯನ್ನಿಟ್ಟು ನೋಡಿದ. ಕಡೆಗೆ ಒಲೆಯಲ್ಲಿ ಕೊರಡು ಚಟಪಟನೆ ಸಿಡಿದುದನ್ನು ಕೇಳಿ ಸದ್ದನ್ನೂ ಸೇರಿಸುವ ಆಲೋಚನೆ ಹೊಳೆಯಿತೆಂದು ಕಥೆ. ೧೮೪೭ರಿಂದ ೧೮೬೦ರವರೆಗಿನ ಅವಧಿಯಲ್ಲಿ ಹೀಗೆ ಹಂತ ಹಂತವಾಗಿ ಈ ವಸ್ತು ಬೆಳೆಯಿತು. ಕಾಗದದ ಕಿರೀಟವನ್ನು ಸೇರಿಸಿದವನು ಅವನ ಮಗ ವಾಲ್ಟರ್. ಮಿಠಾಯಿ ಹೋಗಿ ಕಾಗದವೇ ಉಳಿದದ್ದು ವಿಚಿತ್ರವಾದರೂ ನಿಜ.

ಸದ್ದಿನ ಗುಟ್ಟು ಇಷ್ಟು. ಎರಡು ಕಿರಿದಾದ ರಟ್ಟಿನ ಪಟ್ಟಿಗಳ ತುದಿಗಳನ್ನು ಒಂದರ ಮೇಲೊಂದಿಟ್ಟು, ನಡುವೆ ಸಿಲ್ವರ್ ಫಲ್ಮಿನೇಟ್ ಎಂಬ ಬೆಳ್ಳಿಯ ಸಂಯುಕ್ತವನ್ನು ಅತ್ಯಲ್ಪ ಪ್ರಮಾಣದಲ್ಲಿ ಲೇಪಿಸಿರುತ್ತಾರೆ. ಪಟ್ಟಿಗಳನ್ನು ಎಳೆದಾಗ ಉಜ್ಜಿ ಅದು ಸಿಡಿಯುತ್ತದೆ. ನಮ್ಮಲ್ಲಿ ನೆಲಕ್ಕೆ ಎಸೆದರೆ ಪಟ್ಟೆನ್ನುವ ಪುಟ್ಟ ಕಾಗದದ ಉಂಡೆಗಳಲ್ಲಿರುವುದೂ ಇದೇ. ಇಂಗ್ಲೆಂಡಿನಲ್ಲಿ ಹನ್ನೆರಡು ವರ್ಷ ತುಂಬದವರಿಗೆ ಈ ಕ್ರ್ಯಾಕರನ್ನು ಮಾರಕೂಡದೆಂಬ ಕಾನೂನಿದೆ. ನಾವು ಈ ಪಟ್ಟಿಯನ್ನೇ ಬಿಟ್ಟುಬಿಡೋಣ. ಅದಿಲ್ಲದೆಯೂ ವಸ್ತು ಪೂರ್ಣವೇ.

ಕೊಕ್ಕಡದ ಆಸುಪಾಸಿನ ಕೊಂಕಣಿ ಮತ್ತು ಮಲಯಾಳಿ ಕ್ರೈಸ್ತ ಮನೆಗಳಲ್ಲಿ ಇದರ ರೂಢಿ ಇದೆಯೆಂದು ಭಾವಿಸಬೇಡಿ. ಅಲ್ಲಿ ಕ್ರಿಸ್ಮಸ್ಸಿಗೆ ನಕ್ಷತ್ರ, ಗೋದಲಿ ಮತ್ತು ನೆರೆಹೊರೆಗೆ ಹಂಚುವ ಕುಸ್ವಾರಿನ ತಟ್ಟೆ, ಇವೇ ಮುಖ್ಯ. ಕುಸ್ವಾರಿನ ಕಿಡಿಯೊ, ಗುಳಿಯೊಗಳು ಬಂದ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮ ಹಿರಿಯರ ನಡೆ. ಆ ತಟ್ಟೆಯಲ್ಲಿ ಮಕ್ಕಳು ಮಾಡಿದ ನಾಲ್ಕು ಕಾಗದದ ಪಟಾಕಿಗಳನ್ನಿಟ್ಟು ಕಳುಹಿಸಿದರೆ ಚೆನ್ನಲ್ಲವೆ?

ಇನ್ನು ಮಾಡುವ ವಿಧಾನ. ಮೊದಲು ರಟ್ಟಿನ ಕೊಳವೆ ಬೇಕು. ಅದಕ್ಕೆ ಹಣ ಕೊಡಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಹಳೆಯ ಲಗ್ನಪತ್ರಿಕೆಗಳಿಗೆ ಬರವಿಲ್ಲವಷ್ಟೆ. ದೇವರ ಚಿತ್ರವಿರುವ ಭಾಗವನ್ನು ಬೇರ್ಪಡಿಸಿ ತೆಗೆದಿಟ್ಟು, ಉಳಿದುದನ್ನು ಲಟ್ಟಣಿಗೆಯ ಮೇಲೆ ಸುತ್ತಿ ಅಂಚಿಗೆ ಅಂಟು ಹಚ್ಚಿದರೆ ಒಂದೂವರೆ ಅಂಗುಲ ಅಗಲದ ಬಾಯಿಯುಳ್ಳ ಕೊಳವೆ ಸಿದ್ಧ. ಒಂದು ಪಟಾಕಿಗೆ ಮೂರು ತುಂಡುಗಳು ಬೇಕು: ನಡುವಿಗೆ ನಾಲ್ಕು ಅಂಗುಲ ಉದ್ದದ್ದು, ಎರಡು ತುದಿಗಳಿಗೆ ಮೂರು ಮೂರು ಅಂಗುಲದವು.

ಮೇಲ್ಹೊದಿಕೆಗೆ ಸುಕ್ಕುಗಟ್ಟಿದ ಕ್ರೇಪ್ ಕಾಗದ ಅತ್ಯುತ್ತಮ. ಹದಿಮೂರು ಅಂಗುಲ ಉದ್ದ, ಏಳು ಅಂಗುಲ ಅಗಲಕ್ಕೆ ಕತ್ತರಿಸಿಕೊಳ್ಳಿ. ಕಾಗದದ ಸುಕ್ಕುಗೆರೆಗಳು ಪಟಾಕಿಯ ಉದ್ದಕ್ಕೆ ಸಾಗುವಂತಿರಬೇಕು. ಅಡ್ಡಲಾಗಿದ್ದರೆ ಕಟ್ಟುವಾಗ ನೆರಿಗೆ ಕೂಡುವುದಿಲ್ಲ, ತುದಿ ಹೂವಿನಂತೆ ಅರಳುವುದಿಲ್ಲ. ಮಿನುಗುವ ಜರಿಯ ಕಾಗದ ಕಣ್ಣಿಗೆ ಚಂದವೇ. ಆದರೆ ಅದರಲ್ಲಿ ಬಹುಪಾಲು ಪ್ಲಾಸ್ಟಿಕ್ಕಿನ ಲೇಪ. ಸುಲಭವಾಗಿ ಹರಿಯದು, ಮಣ್ಣಿನಲ್ಲಿ ಕರಗದು. ನಡುವೆ ಒಂದು ಅಂಗುಲದ ಪಟ್ಟಿಯಾಗಿ ಬಳಸಿದರೆ ಸಾಕು.

ಅಂಟಿಗೆ ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ ಗಂಜಿಯ ಹದಕ್ಕೆ ಕಾಯಿಸಿ. ಹುಳು ಹಿಡಿಯದಿರಲೆಂದು ಹಿಂದಿನವರು ಚಿಟಿಕೆ ಮೈಲುತುತ್ತ ಸೇರಿಸುತ್ತಿದ್ದರು. ಅದು ವಿಷ. ಮಕ್ಕಳು ಕುಳಿತು ಮಾಡುವ ಕೆಲಸದಲ್ಲಿ ಅದು ಸಲ್ಲದು. ಅಂದಿನ ಗಂಜಿ ಅಂದಿಗೇ ಮುಗಿಯಲಿ.

ಕಾಗದವನ್ನು ಹಾಸಿ, ಅದರ ಒಂದು ಅಂಚಿನಲ್ಲಿ ಮೂರು ಕೊಳವೆಗಳನ್ನು ಸಾಲಾಗಿಡಿ. ನಡುವಿನದಕ್ಕೂ ತುದಿಯವುಗಳಿಗೂ ಮಧ್ಯೆ ಒಂದೂಕಾಲು ಅಂಗುಲ ತೆರವಿರಲಿ. ಈ ತೆರವುಗಳು ಬರುವಲ್ಲಿ ಕಾಗದದ ಮೇಲೆ ಗುಂಡುಸೂಜಿಯಿಂದ ಒತ್ತೊತ್ತಾಗಿ ಚುಚ್ಚಿ ಒಂದು ಸಾಲು ರಂಧ್ರಗಳನ್ನು ಮಾಡಬೇಕು. ಇದನ್ನು ಮರೆಯಬಾರದು. ನಮ್ಮ ಮನೆಯಲ್ಲಿ ಮೊದಲ ಸಲ ಮಾಡಿದಾಗ ರಂಧ್ರ ಮಾಡದೆ ಕಟ್ಟಿದ್ದೆವು. ಇಬ್ಬರು ಮಕ್ಕಳು ಎಷ್ಟು ಎಳೆದರೂ ಹರಿಯದೆ, ಕಡೆಗೆ ಕೊಳವೆಯೇ ನಜ್ಜುಗುಜ್ಜಾಗಿ ಒಳಗಿದ್ದ ಎಳ್ಳುಂಡೆ ಪುಡಿಯಾಯಿತು. ಬಳಿಕ ಕಾಗದವನ್ನು ಬಿಗಿಯಾಗಿ ಸುತ್ತಿ ಅಂಚನ್ನು ಅಂಟಿಸಿ. ಒಂದು ಬದಿಯ ತೆರವಿನಲ್ಲಿ ದಾರ ಸುತ್ತಿ, ಮೆಲ್ಲನೆ ಬಿಗಿದು ಗಂಟು ಹಾಕಿ. ಇನ್ನೊಂದು ಬದಿಯಿಂದ ಒಳಗಿನ ವಸ್ತುಗಳನ್ನು ತುಂಬಿ, ಆಮೇಲೆ ಅಲ್ಲಿಯೂ ಕಟ್ಟಿ.

ಒಳಗೆ ಏನಿಡಬೇಕು? ಅಂಗಡಿಯ ಕ್ರ್ಯಾಕರುಗಳಲ್ಲಿ ಒಂದು ದಿನವೂ ಬಾಳದ ಪ್ಲಾಸ್ಟಿಕ್ ಆಟಿಕೆಗಳಿರುತ್ತವೆಂದು ಆ ನಾಡಿನವರೇ ಬೇಸರಪಡುತ್ತಾರೆ. ಎಣ್ಣೆಕಾಗದದಲ್ಲಿ ಸುತ್ತಿದ ಎಳ್ಳುಂಡೆ ಅಥವಾ ನಾಲ್ಕು ಗೋಡಂಬಿ, ಒಂದು ರಬ್ಬರು, ಬೀಜದ ಪೊಟ್ಟಣ, ಇಂತಹವು ಸಾಕು. ಕಿರೀಟ ಬೇಕೆನ್ನುವ ಮಕ್ಕಳಿಗೆ ಇಪ್ಪತ್ತೆರಡು ಅಂಗುಲ ಉದ್ದದ ತೆಳು ಕಾಗದದ ಪಟ್ಟಿಯ ಒಂದು ಅಂಚನ್ನು ಗರಗಸದ ಹಲ್ಲಿನಂತೆ ಕತ್ತರಿಸಿ, ತುದಿಗಳನ್ನು ಅಂಟಿಸಿ, ಮಡಚಿಡಬಹುದು.

ಚೀಟಿಯ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಆಂಗ್ಲರ ಚೀಟಿಯಲ್ಲಿ ಈಗ ಇರುವುದು ಹೆಚ್ಚಾಗಿ ಹಳಸಲು ನಗೆಮಾತು. ನಮಗೆ ಆ ದಾರಿದ್ರ್ಯವಿಲ್ಲ. ಮೂರು ನಾಲ್ಕು ಸಾಲಿನಲ್ಲಿ ಮುಗಿಯುವ ವಚನಗಳು ನಮ್ಮಲ್ಲಿ ನೂರಾರಿವೆ. ಮನೆಮನೆಯ ಜಗಲಿಯ ಮೇಲೆ ತಾಳೆಗರಿಯ ಕಟ್ಟುಗಳಾಗಿ ಮಲಗಿದ್ದ ವಚನಗಳನ್ನು ಹುಡುಕಿ ತಂದು ಕಾಗದಕ್ಕೆ ಇಳಿಸಿದವರು ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು. ‘ವಚನಶಾಸ್ತ್ರಸಾರ’ದ ಮೊದಲ ಭಾಗ ೧೯೨೩ರಲ್ಲಿ ಅಚ್ಚಾಯಿತು. ೧೯೨೫ರಲ್ಲಿ ಅವರು ಹಿತಚಿಂತಕ ಮುದ್ರಣಾಲಯವನ್ನೇ ಸ್ಥಾಪಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಆ ಪುಸ್ತಕಗಳಿಂದ ಒಂದೊಂದು ವಚನವನ್ನು ಮಗುವೇ ತನ್ನ ಅಕ್ಷರದಲ್ಲಿ ಅಂಕಿತಸಹಿತ ಬರೆದು ಚೀಟಿ ಮಾಡಲಿ. ಅಚ್ಚಿನ ಪ್ರತಿಯನ್ನು ಕತ್ತರಿಸಿ ಹಾಕುವುದು ಬೇಡ. ಬರೆಯುವಾಗ ಒಮ್ಮೆ, ಪಟಾಕಿ ಹರಿದಾಗ ಎಲ್ಲರೆದುರು ಓದುವಾಗ ಇನ್ನೊಮ್ಮೆ ಅದು ನಾಲಿಗೆಯ ಮೇಲೆ ಬರುತ್ತದೆ. ಕ್ರೈಸ್ತ ನೆರೆಮನೆಗೆ ಕಳುಹಿಸುವ ಪಟಾಕಿಯಲ್ಲಿ ವಚನವಿಟ್ಟರೆ ತಪ್ಪೇನೂ ಇಲ್ಲ. ಬೇಡವೆನಿಸಿದರೆ ಒಂದು ಒಗಟು ಸಾಕು.

ಕೈಗೆ ಬಲವಿಲ್ಲದ ಮಗುವಿಗಾಗಿ ಮಾಡುವ ಪಟಾಕಿಯಲ್ಲಿ ರಂಧ್ರಗಳನ್ನು ಎರಡು ಸಾಲಾಗಿ ಚುಚ್ಚಿ, ದಾರವನ್ನು ಸಡಿಲವಾಗಿ ಕಟ್ಟಬೇಕು. ಇನ್ನೊಂದು ತುದಿಯನ್ನು ದೊಡ್ಡವರು ಹಿಡಿದಿದ್ದು, ಮಗುವಿನ ಬೆರಳುಗಳನ್ನು ಕಾಗದದ ನೆರಿಗೆಯಲ್ಲಿ ಸಿಕ್ಕಿಸಿ, ಅದು ಎಳೆಯುವವರೆಗೆ ಕಾಯಬೇಕು. ಸದ್ದು ಬೇಕೆಂದು ಹಟ ಮಾಡುವ ಮಕ್ಕಳಿದ್ದರೆ ಢಂ ಎಂದು ಅವರೇ ಬಾಯಲ್ಲಿ ಕೂಗಲಿ, ಆದರೆ ಆ ಮಗುವಿನ ಹಾಸಿಗೆಯಿಂದ ಸ್ವಲ್ಪ ದೂರ ನಿಂತು.

ಒಂದು ಸಂಜೆಗೆ ಇಬ್ಬರು ಕುಳಿತರೆ ಹತ್ತು ಹನ್ನೆರಡು ಪಟಾಕಿಗಳು ಆಗುತ್ತವೆ. ಕರಾವಳಿಯ ಹವೆಯಲ್ಲಿ ಕ್ರೇಪ್ ಕಾಗದ ಬೇಗ ತಂಪು ಹಿಡಿದು ಜೋತುಬೀಳುತ್ತದೆ, ಬಣ್ಣವೂ ಕೈಗೆ ಹತ್ತುತ್ತದೆ. ಆದುದರಿಂದ ತವರದ ಡಬ್ಬಿಯಲ್ಲಿ ಒಂದೇ ಪದರವಾಗಿ ಜೋಡಿಸಿ ಮುಚ್ಚಿಡಿ. ತಿಂಡಿ ತುಂಬಿದವುಗಳನ್ನು ಹಬ್ಬದ ಹಿಂದಿನ ದಿನವೇ ಕಟ್ಟುವುದು ಒಳ್ಳೆಯದು. ಇರುವೆಗಳಿಗೆ ಗಂಟು ಬಿಚ್ಚುವ ಅಗತ್ಯವಿಲ್ಲ.