ಅಷ್ಟಪದಿಯ ಬಾಣಂತನ

ಅಷ್ಟಪದಿ ಎಂದೊಡನೆ ವಾಚಕರಿಗೆ ಜಯದೇವ ಕವಿಯ ನೆನಪಾದೀತು. ಇಲ್ಲಿ ಹೇಳಹೊರಟಿರುವುದು ಹಾಡಿನ ಮಾತಲ್ಲ. ಎಂಟು ತೋಳು, ಮೂರು ಹೃದಯ, ನೀಲಿ ರಕ್ತವುಳ್ಳ ಆಕ್ಟೋಪಸ್ ಎಂಬ ಕಡಲ ಪ್ರಾಣಿಯ ಮಾತು. ಪರದೇಶಗಳಲ್ಲಿ ಕೆಲವರು ಇದನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುತ್ತಾರೆ. ಮೊಟ್ಟೆಯಿಂದ ಮರಿ ಮಾಡಿಸುವ ಸಾಹಸಕ್ಕೂ ಕೈಹಾಕುತ್ತಾರೆ.

ನಂಜನಗೂಡಿನ ಬಳಿಯ ಬಿಳಿಗೆರೆಯಲ್ಲಿ ಯಾರಾದರೂ ಇಂಥ ಆಸೆಪಟ್ಟರೆ ಮೊದಲ ತೊಡಕು ನೀರಿನದೇ. ಕಬಿನಿಯ ಸಿಹಿನೀರಿನಲ್ಲಿ ಅಷ್ಟಪದಿ ಬದುಕದು. ಅದರ ಕುಲದಲ್ಲಿ ಒಂದಾದರೂ ಸಿಹಿನೀರಿಗೆ ಒಗ್ಗಿಲ್ಲ. 100 ಲೀಟರ್ ನೀರಿಗೆ ಸುಮಾರು 3.5 ಕಿಲೋ ಕಡಲ ಲವಣಗಳ ಮಿಶ್ರಣ ಬೇಕು. ಅಡಿಗೆಯ ಉಪ್ಪೊಂದೇ ಸಾಲದು. ತಾಮ್ರದ ಹಂಡೆಯಲ್ಲಿ ನಿಂತ ನೀರಾದರೆ ಕೇಡೇ ಸರಿ. ಅಷ್ಟಪದಿಯ ರಕ್ತ ನೀಲಿಯಾಗುವುದು ತಾಮ್ರದ ದೆಸೆಯಿಂದ. ಆದರೂ ನೀರಿನಲ್ಲಿ ಕರಗಿದ ಕಿಂಚಿತ್ ತಾಮ್ರ ಅದಕ್ಕೆ ವಿಷ! ತೊಟ್ಟಿಯ ಮುಚ್ಚಳವೂ ಭದ್ರವಾಗಿರತಕ್ಕದ್ದು. ಮೈಯಲ್ಲಿ ಮೂಳೆಯಿಲ್ಲದ ಈ ಪ್ರಾಣಿ, ತನ್ನ ಕೊಕ್ಕು ತೂರುವಷ್ಟು ಸಂದು ಸಿಕ್ಕರೆ ಸಾಕು, ಹೊರಬಿದ್ದೀತು.

ಇನ್ನು ಸಂತಾನದ ವಿಚಾರ. ಸಾಮಾನ್ಯ ಅಷ್ಟಪದಿ ಲಕ್ಷಗಟ್ಟಲೆ ಸಣ್ಣ ಮೊಟ್ಟೆ ಇಡುತ್ತದೆ; ಮರಿಗಳು ವಾರಗಟ್ಟಲೆ ಕಡಲಲ್ಲಿ ತೇಲಿ ಬೆಳೆಯಬೇಕು. ಮನೆಯ ತೊಟ್ಟಿಯಲ್ಲಿ ಅವನ್ನು ಉಳಿಸಿಕೊಳ್ಳುವುದು ಬಲು ಕಷ್ಟ. ಕ್ಯಾಲಿಫೋರ್ನಿಯದ ತೀರದಲ್ಲಿರುವ ಎರಡು ಚುಕ್ಕೆಯ ಅಷ್ಟಪದಿಯಾದರೋ ಕಡಿಮೆ ಸಂಖ್ಯೆಯ, ದೊಡ್ಡ ಗಾತ್ರದ ಮೊಟ್ಟೆ ಇಡುತ್ತದೆ. ಮರಿಗಳು ಹುಟ್ಟಿದಂದಿನಿಂದಲೇ ತಳದಲ್ಲಿ ತೆವಳಿ ಬೇಟೆಯಾಡುತ್ತವೆ. ಸಾಕುವವರ ಒಲವು ಇದರ ಮೇಲೆ. ಮರಿಗಳನ್ನು ಮಾತ್ರ ಬೇರೆ ಬೇರೆ ಇಡಬೇಕು. ಹಸಿದರೆ ಒಡಹುಟ್ಟುಗಳನ್ನೇ ತಿಂದಾವು.

ಆದರೆ ತಾಯಿಯ ಪಾಡೇನು? ಬಹುಪಾಲು ಜಾತಿಗಳಲ್ಲಿ ಮೊಟ್ಟೆ ಇಟ್ಟ ತಾಯಿ ಆಹಾರ ತೊರೆಯುತ್ತದೆ. ತೋಳುಗಳಿಂದ ಮೊಟ್ಟೆಗಳನ್ನು ನೇವರಿಸಿ ಕೊಳೆ ತೆಗೆಯುತ್ತ, ಹೊಸ ನೀರನ್ನು ಊದುತ್ತ ಕಾವಲು ಕೂರುತ್ತದೆ. ಪ್ರಿಯವಾದ ಏಡಿಯನ್ನೇ ಎದುರಿಗಿಟ್ಟರೂ ಮುಟ್ಟದು. ಮರಿಗಳು ಹೊರಬರುವ ಹೊತ್ತಿಗೆ ಅದರ ಆಯುಸ್ಸು ಮುಗಿಯುತ್ತದೆ. ಗಂಡಿನ ಸಂಗವಿಲ್ಲದೆ ಇಟ್ಟ ಬರಡು ಮೊಟ್ಟೆಗಳಿಗೂ ಹೀಗೆಯೇ ಕಾವಲು ಕುಳಿತು ಸಾಯುವುದುಂಟು.

ಉಪವಾಸವೇ ಈ ಸಾವಿಗೆ ಮೂಲವೆ? ಅಮೆರಿಕದ ವಿಜ್ಞಾನಿ ಜೆರೋಮ್ ವೊಡಿನ್ಸ್ಕಿ 1977ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೆಯೇ ಕಥೆ ಹೇಳಿತು. ಕಣ್ಣುಗಳ ಬಳಿಯ ಎರಡು ಪುಟ್ಟ ಗ್ರಂಥಿಗಳನ್ನು ತೆಗೆದುಹಾಕಿದಾಗ ತಾಯಿ ಮತ್ತೆ ಉಂಡಿತು, ಬೆಳೆಯಿತು, ಹೆಚ್ಚುಕಾಲ ಬಾಳಿತು. ಆದರೆ ಮೊಟ್ಟೆಗಳ ಕಡೆ ತಿರುಗಿಯೂ ನೋಡಲಿಲ್ಲ! ತಾಯ್ತನವನ್ನೂ ಮರಣವನ್ನೂ ಪ್ರಕೃತಿ ಒಂದೇ ಗಂಟಿನಲ್ಲಿ ಕಟ್ಟಿತ್ತು.

ನಂಜನಗೂಡು ಸೀಮೆಯ ರೈತನಿಗೆ ಇದು ತೀರ ಅಪರಿಚಿತವಲ್ಲ. ಬಾಳೆಯೂ ಒಂದೇ ಗೊನೆ ಕೊಟ್ಟು ಒರಗುತ್ತದೆ. ಆದರೆ ಅಷ್ಟರಲ್ಲಿ ಅದರ ಬುಡದಲ್ಲಿ ಕಂದುಗಳು ಎದ್ದಿರುತ್ತವೆ. ಅಷ್ಟಪದಿಯ ಮರಿಗಾದರೋ ತಾಯಿಯ ಆಸರೆಯಿಲ್ಲ. ತೊಟ್ಟಿಯಲ್ಲಿ ಹುಟ್ಟಿದ ಆ ತಬ್ಬಲಿಗಳ ಹೊಣೆಯೆಲ್ಲ ಸಾಕಿದವನದು. ಅದನ್ನು ಹೊರಲಾರದವರು ಈ ಪ್ರಾಣಿಯನ್ನು ಕಡಲಿಗೇ ಬಿಟ್ಟಿರುವುದು ಲೇಸು.